ಪಕ್ಕದ ಸೀಟಿನ ಜಪ

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಇಪ್ಪತ್ತೆಂಟು ವರ್ಷ ಪಕ್ಕದ ಸೀಟಿನಲ್ಲೇ ಕೂತು ಬಾಳಿದವರು. ಆ ಕಾರಿನಲ್ಲಿ ಕಲಿಯುವವರ ಕಾಲಿಗೊಂದು ಬ್ರೇಕಾದರೆ ಮೇಷ್ಟ್ರ ಕಾಲಿಗೊಂದು ಬ್ರೇಕು. ಕಲಿಯುವವರಿಗೊಂದು ಕನ್ನಡಿಯಾದರೆ ಅದರ ಪಕ್ಕದಲ್ಲೇ ಮೇಷ್ಟ್ರಿಗೊಂದು ಪುಟ್ಟ ಕನ್ನಡಿ. ಎದುರಿನ ಲಾರಿಯನ್ನು ಕಂಡು ಕಲಿಯುವವರು ಕಣ್ಣು ಮುಚ್ಚಿಕೊಂಡ ದಿನಗಳಲ್ಲೂ ಮೇಷ್ಟ್ರ ಕಣ್ಣು ತೆರೆದೇ ಇರುತ್ತಿತ್ತು, ಕಾಲು ಬ್ರೇಕಿನ ಮೇಲೇ ಇರುತ್ತಿತ್ತು. ಆ ಸೀಟಿನಲ್ಲಿ ಅವರು ಒಂದು ದಿನವೂ ತೂಕಡಿಸಿದ್ದಿಲ್ಲ. ಈ ಅಭ್ಯಾಸ ಎಷ್ಟು ಮೈಗೆ ಹತ್ತಿತ್ತೆಂದರೆ, ಮನೆಯಲ್ಲಿ ಒಲೆಯ ಮೇಲಿನ ಹಾಲು ಉಕ್ಕಲು ಹೊರಟರೂ ಅವರು ಕುರ್ಚಿಯಲ್ಲಿ ಕೂತಲ್ಲಿಂದಲೇ ಬಲಗಾಲಿನಿಂದ ನೆಲ ಒತ್ತುತ್ತಿದ್ದರು. "ಒತ್ತಿದ್ದು ಸಾಕು, ಎದ್ದು ಬಂದು ಒಲೆ ಆರ್ಸಿ" ಎಂದು ಹೆಂಡತಿ ಕೂಗುವ ಹೊತ್ತಿಗೆ ಹಾಲು ಉಕ್ಕಿ ಆಗಿರುತ್ತಿತ್ತು.

ಇಂಥ ಎಚ್ಚರದ ಮನುಷ್ಯನಿಗೆ ಒಂದೇ ಒಂದು ಕೆಲಸ ಒಗ್ಗಿರಲಿಲ್ಲ. ಅದು ಜಪ.

ಮೂರು ವರ್ಷದ ಹಿಂದೆ ಡಾಕ್ಟರು ಮೇಷ್ಟ್ರ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹೊಡೆದು, ಹುಬ್ಬು ಹಾರಿಸಿದ್ದರು. ಬೀಪಿಯ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಮೇಷ್ಟ್ರ ಅಪ್ಪನ ಇಬ್ಬರು ತಂಗಿಯರು ಬಸ್ಸು ಹತ್ತಿ ಬಂದಿಳಿದರು. ದೊಡ್ಡತ್ತೆ, ಚಿಕ್ಕತ್ತೆ. ಇಬ್ಬರೂ ಗಂಡಂದಿರನ್ನು ಕಳೆದುಕೊಂಡ ಮೇಲೆ ಒಂದೇ ಮನೆಯಲ್ಲಿದ್ದು, ನಲವತ್ತು ವರ್ಷದಿಂದ ದಿನಾ ಬೆಳಗಿನ ಐದಕ್ಕೆ ಅಕ್ಕಪಕ್ಕ ಎರಡು ಚಾಪೆ ಹಾಸಿಕೊಂಡು ರಾಮನಾಮ ಜಪಿಸುತ್ತ ಬಂದವರು. ಚಿಕ್ಕತ್ತೆ ಮೇಷ್ಟ್ರ ಕೈಯಲ್ಲಿ ಒಂದು ತುಳಸಿಮಾಲೆ ಇಟ್ಟು, "ನೂರೆಂಟು ಮಣಿ ಕಣೋ. ದಿನಕ್ಕೆ ಒಂದೇ ಸುತ್ತು. ಕಾಲು ಗಂಟೆ ಕೆಲಸ" ಎಂದರು. ಇಷ್ಟೇ ತಾನೇ ಅಂದುಕೊಂಡರು ಮೇಷ್ಟ್ರು.

ಮೊದಲ ಮೂರು ದಿನ ಜಪಕ್ಕಿಂತ ಖರೀದಿಯೇ ಹೆಚ್ಚು ನಡೆಯಿತು. ಚಾಪೆ ಬಂತು, ಚಾಪೆಯ ಮೇಲೆ ಹಾಸಲು ಮೆತ್ತನೆಯ ಆಸನ ಬಂತು, ಮಾಲೆ ಇಡಲು ಮರದ ಪೀಠ ಬಂತು, ಹೆಗಲಿಗೆ ಶಾಲು, ಎಚ್ಚರಿಸಲು ಅಲಾರಂ ಗಡಿಯಾರ, ಆ ಅಲಾರಂ ಕೇಳಿಸದಿದ್ದರೆ ಇರಲೆಂದು ಇನ್ನೊಂದು ಅಲಾರಂ. ನಾಲ್ಕರಿಂದ ಒಂಬತ್ತನೆಯ ದಿನದವರೆಗೆ ಭಕ್ತಿ ಭೋರ್ಗರೆಯಿತು. ಹತ್ತನೆಯ ದಿನ ಬೆಳಗಿನ ಪಾಠವೊಂದು ಅಡ್ಡ ಬಂತು. ನಾಳೆ ಎರಡು ಸುತ್ತು ಮಾಡಿದರಾಯಿತು ಎಂದರು. ನಾಳೆ ಬಂದಾಗ ನಾಡಿದ್ದು ಮೂರು ಸುತ್ತು ಎಂದರು. ಎರಡು ವಾರ ಕಳೆಯುವಷ್ಟರಲ್ಲಿ ಬಾಕಿ ಸುತ್ತುಗಳನ್ನು ನೆನೆದರೇ ಎದೆ ಒಡೆಯುವಂತಾಗಿ, ಮೇಷ್ಟ್ರು ಮಾಲೆಯನ್ನು ಒಂದು ಡ್ರಾಯರಿನಲ್ಲಿಟ್ಟು ಮುಚ್ಚಿಬಿಟ್ಟರು.

ಅಲ್ಲಿಗೆ ಮುಗಿದಿದ್ದರೆ ಕತೆಯೇ ಇರುತ್ತಿರಲಿಲ್ಲ. ಆ ಭಾನುವಾರ ಚಿಕ್ಕತ್ತೆ ಫೋನು ಮಾಡಿ, "ಜಪ ನಡೀತಿದ್ಯೇನೋ?" ಎಂದು ಕೇಳಿದರು. "ನಡೀತಿದೆ ಅತ್ತೆ" ಎಂದರು ಮೇಷ್ಟ್ರು. ಒಂದೇ ಒಂದು ಮಾತು. ಹೇಳಿದ ಮೇಲೆ ವಾಪಸು ತೆಗೆದುಕೊಳ್ಳುವುದು ಹೇಗೆಂದು ಗೊತ್ತಾಗದೆ, ಮುಂದಿನ ಭಾನುವಾರವೂ ಅದನ್ನೇ ಹೇಳಿದರು.

ಆರನೆಯ ಭಾನುವಾರವೋ ಏಳನೆಯದೋ, ಅತ್ತೆ ಇನ್ನೊಂದು ಪ್ರಶ್ನೆ ಎಸೆದರು. "ನಲವತ್ತು ವರ್ಷ ಆಯ್ತು, ನಂಗೇ ಮನಸ್ಸು ಒಂದು ಕಡೆ ನಿಲ್ಲಲ್ಲ. ಗೊಂಬೆ ಥರ ಮಣಿ ತಿರುಗಿಸ್ತೀನಿ, ಅಷ್ಟೆ. ನೀನು ಹೊಸಬ, ನಿಂಗೆ ಉತ್ಸಾಹ ಹೇಗೆ ಉಳಿದಿದೆ? ಏನು ಮಾಡ್ತೀಯ ಹೇಳು."

ಮೇಷ್ಟ್ರದು ನಾಲ್ಕು ಸಾವಿರ ಜನಕ್ಕೆ ಒಂದೇ ಪಾಠ ಒಪ್ಪಿಸಿದ ಬಾಯಿ. ಯಜಮಾನ ದಾರಿ ಕಾಣದೆ ನಿಂತಾಗ ತಾನೇ ಹೊರಟುಬಿಟ್ಟಿತು. "ಮೊದಲು ಆಸನ ಸರಿ ಮಾಡ್ಕೋಬೇಕು ಅತ್ತೆ. ಹೊರಟ ಮೇಲೆ ಜರುಗೋದಲ್ಲ" ಎಂದರು. ಆ ಕಡೆ ಪೆನ್ನು ಹುಡುಕುವ ಸದ್ದು ಕೇಳಿತು.

ಅಂದಿನಿಂದ ಭಾನುವಾರಕ್ಕೊಂದು ಮಾತು ನಡೆದುಬಂತು. ಸ್ಟಿಯರಿಂಗ್ ಹಿಡಿಯುವ ಬಗೆಯನ್ನು ಮೇಷ್ಟ್ರು ಮಾಲೆಗೆ ದಾಟಿಸಿದರು: "ಗುಬ್ಬಚ್ಚಿ ಹಿಡಿದ ಹಾಗೆ ಹಿಡೀಬೇಕು. ಗಟ್ಟಿ ಹಿಡಿದ್ರೆ ಸಾಯತ್ತೆ, ಸಡಿಲ ಬಿಟ್ರೆ ಹಾರಿಹೋಗತ್ತೆ." ರಸ್ತೆ ನೋಡುವ ಬಗೆಯೂ ಹಾಗೆಯೇ ದಾಟಿತು: "ದೃಷ್ಟಿ ದೂರ ಇರ್ಬೇಕು. ಮೂಗಿನ ಮುಂದೆ ಏನಿದೆ ಅಂತ ನೋಡ್ತಾ ಹೋದ್ರೆ ದಾರಿ ಸೊಟ್ಟ ಆಗತ್ತೆ." ಕನ್ನಡಿಯ ಪಾಠವಂತೂ ಅತ್ತೆಯ ಕಣ್ಣಲ್ಲಿ ನೀರು ತರಿಸಿತು: "ಹಿಂದೆ ಏನಾಯ್ತು ಅಂತ ನೋಡ್ಬೇಕು ನಿಜ. ಒಂದು ಕ್ಷಣ ನೋಡಿ. ಹಿಂದೇನೇ ನೋಡ್ತಾ ಕೂತ್ರೆ ಮುಂದೆ ಗುದ್ದತ್ತೆ." ಅತ್ತೆ ಎಲ್ಲವನ್ನೂ ನೀಲಿ ರಟ್ಟಿನ ಪುಸ್ತಕವೊಂದರಲ್ಲಿ ಬರೆದಿಟ್ಟು, ಕಣ್ಣು ಮಂಜಾಗಿದ್ದ ದೊಡ್ಡತ್ತೆಗೆ ಓದಿ ಹೇಳುತ್ತಿದ್ದರು. ಅವರ ಭಜನೆಯ ಮನೆಯ ಹೆಂಗಸರೆಲ್ಲ ಅದನ್ನು ನಕಲು ಮಾಡಿಕೊಂಡರಂತೆ. "ಇಷ್ಟು ಸಣ್ಣ ವಯಸ್ಸಿಗೆ ಇಷ್ಟು ಅನುಭವ!" ಎಂದು ಒಬ್ಬಾಕೆ ಕೈಮುಗಿದರಂತೆ. ಮೇಷ್ಟ್ರಿಗೆ ಆಗ ಐವತ್ತೇಳು.

ಮೇಷ್ಟ್ರ ಹೆಂಡತಿ ಔಷಧದ ಅಂಗಡಿಯಲ್ಲಿ ಕೆಲಸ ಮಾಡುವಾಕೆ. ಬೆಳಗ್ಗೆ ಸ್ನಾನ ಮುಗಿಸಿ, ದೀಪ ಹಚ್ಚಿ, ಮೂರು ನಿಮಿಷ ಕೈಮುಗಿದು, ಆ ಮೂರು ನಿಮಿಷದಲ್ಲೇ ನಲ್ಲಿ ನಿಲ್ಲಿಸುವಂತೆಯೂ ಕೂಗಿ ಹೊರಟುಬಿಡುತ್ತಿದ್ದಳು. ಮೂವತ್ತು ವರ್ಷದಲ್ಲಿ ಒಂದು ದಿನ ತಪ್ಪಿದ್ದಿಲ್ಲ, ಒಂದು ಶಾಲು ಕೊಂಡಿದ್ದಿಲ್ಲ. ಫೋನಿನಲ್ಲಿ ಗಂಡನ ಪ್ರವಚನ ಕೇಳಿದಾಗಲೆಲ್ಲ ಆಕೆ ಒಂದೇ ಮಾತು ಹೇಳುತ್ತಿದ್ದಳು: "ನಿಮ್ಮ ಬ್ರೇಕ್ ಎಲ್ಲಾ ಕಡೆ ಕೆಲಸ ಮಾಡತ್ತೆ, ನಾಲಿಗೆಗೆ ಮಾತ್ರ ಇಲ್ಲ."

ಎರಡು ತಿಂಗಳ ಹಿಂದೆ ದೊಡ್ಡತ್ತೆ ತೀರಿಕೊಂಡರು. ಮೇಷ್ಟ್ರು ಹೋಗಿ, ಹೆಗಲು ಕೊಟ್ಟು, ಅತ್ತು ಬಂದರು. ಅದಾದ ಮೇಲೆ ಭಾನುವಾರದ ಫೋನು ಸಣ್ಣದಾಗುತ್ತ ಹೋಯಿತು. ಕೊನೆಗೊಂದು ದಿನ ಚಿಕ್ಕತ್ತೆ, "ನಾಳಿದ್ದು ಬರ್ತಿದೀನಿ ಕಣೋ. ಒಂದು ವಾರ ಇರ್ತೀನಿ. ನಿನ್ನ ಪಕ್ಕ ಕೂತು ಜಪ ಮಾಡ್ಬೇಕು" ಎಂದರು.

ಮನೆಯಲ್ಲಿ ಹುಡುಕಾಟ ಶುರುವಾಯಿತು. ಮರದ ಪೀಠ ಮೀನಿನ ಗಾಜಿನ ಪೆಟ್ಟಿಗೆಯನ್ನು ಹೊತ್ತು ನಿಂತಿತ್ತು. ಮೆತ್ತನೆಯ ಆಸನ ನಾಲ್ಕಾಗಿ ಮಡಚಿಕೊಂಡು ಬಟ್ಟೆ ಒಗೆಯುವ ಯಂತ್ರದ ಕಾಲ ಕೆಳಗೆ ಸೇರಿ, ಅದು ಕುಣಿಯದಂತೆ ನೋಡಿಕೊಳ್ಳುತ್ತಿತ್ತು. ಶಾಲಿನ ಮೇಲೆ ಇಸ್ತ್ರಿಯ ಸುಟ್ಟ ಗುರುತು. ಮಾಲೆ ಸಿಕ್ಕಿದ್ದು ಹಳೆ ಎಲ್ ಬೋರ್ಡುಗಳ ಅಡಿಯಲ್ಲಿ, ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಕೀಲಿಗಳ ಗೊಂಚಲಿಗೆ ಸುತ್ತಿಕೊಂಡು. ಮೇಷ್ಟ್ರು ಬಿಡಿಸುತ್ತ ಕೂತರು. ಆಸನ ಎಳೆದದ್ದರಿಂದ ಯಂತ್ರ ಅತ್ತ ಗಡಗಡ ಕುಣಿಯಿತು.

"ನಿಜ ಹೇಳ್ಬಿಡಿ" ಎಂದಳು ಹೆಂಡತಿ. "ವಯಸ್ಸಾದವರಿಗೆ ಎಷ್ಟು ದಿನ ಟೋಪಿ ಹಾಕ್ತೀರ?"

"ಹೇಳ್ತೀನಿ, ಬಂದ ತಕ್ಷಣ ಹೇಳ್ತೀನಿ" ಎಂದರು ಮೇಷ್ಟ್ರು. ಹೇಳುವವರೇ ಇದ್ದರು, ಪಾಪ.

ಆದರೆ ಬಂದ ತಕ್ಷಣ ಹೇಳಿಕೊಂಡದ್ದು ಅತ್ತೆ. ಕೈಕಾಲು ತೊಳೆದು, ಕಾಫಿಯ ಲೋಟ ಹಿಡಿದು ಕೂತವರು ಕುಡಿಯದೆ ಅದನ್ನೇ ನೋಡುತ್ತ, "ಎರಡು ತಿಂಗಳಿಂದ ನಾನು ಒಂದು ಮಣಿ ತಿರುಗಿಸಿಲ್ಲ ಕಣೋ" ಎಂದರು. "ಅಕ್ಕ ಹೋದ ಮಾರನೇ ದಿನ ಐದಕ್ಕೆ ಎದ್ದೆ. ಚಾಪೆ ಹಾಸ್ದೆ. ಅಭ್ಯಾಸ ನೋಡು, ಎರಡು ಹಾಸಿಬಿಟ್ಟಿದ್ದೆ. ಪಕ್ಕದ ಚಾಪೆ ನೋಡಿ ಎದ್ದುಬಂದೋಳು ಮತ್ತೆ ಕೂತಿಲ್ಲ. ಯಾರಿಗೂ ಹೇಳಿಲ್ಲ. ಭಜನೆಯವರು ಕೇಳಿದ್ರೆ ನಡೀತಿದೆ ಅಂತೀನಿ. ಈ ವಯಸ್ಸಲ್ಲಿ ಸುಳ್ಳು ಹೇಳೋದು ಕಲ್ತೆ."

ಮೇಷ್ಟ್ರು ಕಾಫಿ ಮೂಗಿಗೇರಿಸಿಕೊಂಡು ಕೆಮ್ಮಿದರು.

"ನಲವತ್ತು ವರ್ಷ ನನ್ನನ್ನ ಹಿಡಿದು ನಿಲ್ಸಿದ್ದು ಅದೊಂದೇ. ಅದೂ ಹೋದ್ರೆ ನನ್ನ ಹತ್ರ ಇನ್ನೇನೂ ಇಲ್ಲ" ಎಂದು ಅತ್ತೆ ಚೀಲದಿಂದ ನೀಲಿ ಪುಸ್ತಕ ತೆಗೆದರು. "ಇದನ್ನೂ ತಿರುವಿ ಹಾಕ್ದೆ. ಹೇಗೆ ಹಿಡೀಬೇಕು ಅಂತ ಹೇಳಿದೀಯ, ಎಲ್ಲಿ ನೋಡ್ಬೇಕು ಅಂತ ಹೇಳಿದೀಯ. ನಿಂತುಹೋದ್ರೆ ಏನು ಮಾಡ್ಬೇಕು ಅಂತ ಮಾತ್ರ ಹೇಳೇ ಇಲ್ಲ. ನೋಡು, ಒಂದು ಹಾಳೆ ಖಾಲಿ ಬಿಟ್ಟಿದೀನಿ."

ಹೇಳಿರಲಿಲ್ಲ, ನಿಜ. ಕಾರಿನಲ್ಲಿ ದಿನಕ್ಕೆ ಹತ್ತು ಸಲ ಹೇಳುವ ಆ ಪಾಠವನ್ನು ಮೇಷ್ಟ್ರು ಫೋನಿನಲ್ಲಿ ಒಂದು ಸಲವೂ ಎತ್ತಿರಲಿಲ್ಲ. ಉಳಿದ ಮಾತುಗಳನ್ನು ಕದ್ದು ಸಾಗಿಸುವಾಗ ಆಗದ ನಾಚಿಕೆ ಆ ಒಂದಕ್ಕೆ ಮಾತ್ರ ಆಗುತ್ತಿತ್ತು. ತಾವೇ ನಡುದಾರಿಯಲ್ಲಿ ಇಳಿದು ಹೋದವರು, ಯಾವ ಬಾಯಲ್ಲಿ ಹೇಳುವುದು?

"ನಾಳೆ ಬೆಳಗ್ಗೆ ಕೂರೋಣ ಅತ್ತೆ" ಎಂದರು. ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆಯೊಂದನ್ನು ಬೇಕೆಂದೇ ಸದ್ದು ಮಾಡಿ ಇಟ್ಟಳು.

ಬೆಳಗಿನ ಐದಕ್ಕೆ ಎರಡು ಚಾಪೆ ಬಿದ್ದವು. ಅತ್ತೆ ಮಾಲೆ ಮಡಿಲಲ್ಲಿಟ್ಟುಕೊಂಡು ಮೇಷ್ಟ್ರನ್ನೇ ನೋಡುತ್ತ ಕೂತರು. "ನೀನು ಮಾಡು. ನೋಡ್ತಾ ನೋಡ್ತಾ ನಂಗೂ ಬರತ್ತೇನೋ." ಮೇಷ್ಟ್ರು ಕಣ್ಣು ಮುಚ್ಚಿ ರಾಮ ಎಂದರು. ಹನ್ನೊಂದನೆಯ ಮಣಿಗೆ ತಲೆ ವಾಲಿತು. ನಿದ್ದೆಯಲ್ಲೇ ಯಾರೋ ಕಲಿಯುವವರು ಹಾಲಿನ ಗಾಡಿಯ ಕಡೆ ನುಗ್ಗಿದಂತಾಗಿ ಬಲಗಾಲು ಚಾಪೆಯನ್ನು ಬಲವಾಗಿ ಒತ್ತಿತು, ತಲೆ ಮೇಲೆದ್ದಿತು. "ರಾಮ" ಎಂದರು. ಮತ್ತೆ ವಾಲಿದರು, ಮತ್ತೆ ಒತ್ತಿದರು, ಮತ್ತೆ ರಾಮ ಎಂದರು.

"ಅದೇನೋ ಅದು, ಕಾಲು?" ಎಂದರು ಅತ್ತೆ ಬೆರಗಿನಿಂದ.

"ಅದು... ಮನಸ್ಸು ಎಲ್ಲಾದ್ರೂ ಓಡಿದಾಗ... ಹಿಡಿದು ನಿಲ್ಲಿಸೋದು."

ಅತ್ತೆ ಪುಸ್ತಕದಲ್ಲಿ ಬರೆದುಕೊಂಡರು. ಮಾರನೆಯ ದಿನ ಎಪ್ಪತ್ತೆಂಟು ವರ್ಷದ ಹೆಂಗಸು ಚಾಪೆಯ ಮೇಲೆ ಕಾಲು ಚಾಚಿ, ಅಕ್ಕನ ನೆನಪು ಬಂದಾಗಲೆಲ್ಲ ನೆಲ ಒತ್ತಿದರು. ಮಾಲೆ ಮಾತ್ರ ಮಡಿಲಿನಿಂದ ಏಳಲಿಲ್ಲ. ದೀಪ ಹಚ್ಚಲು ಬಂದ ಹೆಂಡತಿ, ಅತ್ತೆ ಸೋದರಳಿಯ ಇಬ್ಬರೂ ಸೇರಿ ಚಲಿಸದ ಯಾವುದನ್ನೋ ನಿಲ್ಲಿಸಲು ಹೆಣಗುತ್ತಿರುವುದನ್ನು ಕಂಡು, ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡು ಓಡಿದಳು.

ಮೂರು ದಿನ, ನಾಲ್ಕು ದಿನ. ಅತ್ತೆಯ ಮುಖ ದಿನೇದಿನೇ ಇಳಿಯಿತು. "ನಿಂತುಹೋದ್ರೆ ಏನು ಮಾಡ್ಬೇಕೋ?" ಎಂದು ಅವರು ಎರಡು ಸಲ ಕೇಳಿದರು. ಮೇಷ್ಟ್ರು ಎರಡು ಸಲವೂ ಪಾಠಕ್ಕೆ ಹೊತ್ತಾಯಿತೆಂದು ಎದ್ದರು.

ಐದನೆಯ ದಿನ ಅತ್ತೆಯೂ ಎದ್ದರು. "ಮನೆಯಲ್ಲಿ ಕೂತು ಕೂತು ಸಾಕಾಯ್ತು. ನೀನು ಪಾಠ ಮಾಡೋದು ನೋಡ್ತೀನಿ. ಹಿಂದಿನ ಸೀಟು ಖಾಲಿ ಇರತ್ತಲ್ಲ?"

ಹಿಂದಿನ ಸೀಟು ಖಾಲಿಯೇ ಇತ್ತು. ಇಲ್ಲವೆನ್ನಲು ಮೇಷ್ಟ್ರಿಗೆ ಒಂದು ನೆಪವೂ ಹೊಳೆಯಲಿಲ್ಲ.

ಆ ಹೊತ್ತಿನ ಶಿಷ್ಯೆ ಹಲ್ಲಿನ ಡಾಕ್ಟರಮ್ಮ. ಮೂರು ಸಲ ಟೆಸ್ಟ್ ಕೊಟ್ಟು ಮೂರು ಸಲವೂ ಫೇಲಾಗಿದ್ದಾಕೆ. ದಿನವಿಡೀ ಬಾಯಿ ತೆರೆದು ಮಲಗಿದವರಿಗೆ ಗಾಬರಿ ಬೇಡ, ಗಾಬರಿ ಬೇಡ ಎಂದು ಧೈರ್ಯ ಹೇಳುವ ಈಕೆ, ಕಾರಿನ ಬಾಗಿಲು ತೆಗೆದ ಕೂಡಲೇ ಬೆವರುತ್ತಿದ್ದಳು. ಹಿಂದೆ ಕೂತ ಅತ್ತೆಗೆ ನಮಸ್ಕಾರ ಮಾಡಿ, "ನೀವಿದ್ರೆ ಒಳ್ಳೇದೇ ಆಯ್ತಮ್ಮ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಪ್ರಾರ್ಥನೆ ಮಾಡೋಕೆ ಒಬ್ರು ಬೇಕು" ಎಂದಳು.

ಮೇಷ್ಟ್ರು ಪಾಠವನ್ನು ಆದಷ್ಟು ಚುಟುಕಾಗಿ ಮುಗಿಸಬೇಕೆಂದು ನಿಶ್ಚಯಿಸಿಕೊಂಡು ಪಕ್ಕದ ಸೀಟಿನಲ್ಲಿ ಕೂತರು. ಆದರೆ ಡಾಕ್ಟರಮ್ಮ ಕೀಲಿಗೆ ಕೈ ಹಾಕಿ ಆಮೇಲೆ ಸೀಟು ಜರುಗಿಸತೊಡಗಿದಳು. ಇಪ್ಪತ್ತೆಂಟು ವರ್ಷದ ಬಾಯಿ, ತಡೆಯುವುದುಂಟೇ?

"ಮೊದಲು ಆಸನ ಸರಿ ಮಾಡ್ಕೋಬೇಕು. ಹೊರಟ ಮೇಲೆ ಜರುಗೋದಲ್ಲ."

ಮಾತು ಹೊರಗೆ ಬಿದ್ದಮೇಲೆ ಮೇಷ್ಟ್ರು ತಮ್ಮ ಪುಟ್ಟ ಕನ್ನಡಿಯತ್ತ ಕಣ್ಣು ಹಾಯಿಸಿದರು. ಅತ್ತೆ ಕಿಟಕಿಯಿಂದ ಹೊರಗೆ ನೋಡುತ್ತಿದ್ದವರು ತಲೆ ತಿರುಗಿಸಿದ್ದರು.

ಕಾರು ಹೊರಟಿತು. ತರಕಾರಿ ಅಂಗಡಿ ದಾಟುವಷ್ಟರಲ್ಲಿ ಡಾಕ್ಟರಮ್ಮ ಸ್ಟಿಯರಿಂಗನ್ನು ಹಲ್ಲು ಕೀಳುವ ಇಕ್ಕಳದಂತೆ ಹಿಡಿದಿದ್ದಳು. ಬೆರಳ ಗಿಣ್ಣುಗಳು ಬೆಳ್ಳಗಾಗಿದ್ದವು. ಮೇಷ್ಟ್ರು ಬಾಯಿ ಬಿಗಿಹಿಡಿದರು. ಕಾರು ಎಡಕ್ಕೂ ಬಲಕ್ಕೂ ಹಾವಿನಂತೆ ಹೊರಳಿತು. ಸೈಕಲ್ಲಿನವನೊಬ್ಬ ಜಿಗಿದು ಚರಂಡಿಯ ಅಂಚಿಗೆ ಹೋಗಿ ನಿಂತ.

"ಗುಬ್ಬಚ್ಚಿ ಹಿಡಿದ ಹಾಗೆ..." ಎಂದರು ಮೇಷ್ಟ್ರು ಪಿಸುಮಾತಿನಲ್ಲಿ.

"ಏನಂದ್ರಿ? ಕೇಳಿಸ್ಲಿಲ್ಲ!"

"ಗುಬ್ಬಚ್ಚಿ ಹಿಡಿದ ಹಾಗೆ ಹಿಡೀಬೇಕು! ಗಟ್ಟಿ ಹಿಡಿದ್ರೆ ಸಾಯತ್ತೆ, ಸಡಿಲ ಬಿಟ್ರೆ ಹಾರಿಹೋಗತ್ತೆ!"

ಕನ್ನಡಿಯಲ್ಲಿ ನೀಲಿ ಪುಸ್ತಕ ಕಾಣಿಸಿತು. ಅತ್ತೆ ಕನ್ನಡಕ ಏರಿಸಿಕೊಂಡು, ಹಾಳೆ ತಿರುವಿ, ಒಂದು ಸಾಲಿನ ಮೇಲೆ ಬೆರಳಿಟ್ಟರು. ಮುಂದಿನ ತಿರುವಿನಲ್ಲಿ ದೃಷ್ಟಿ ದೂರ ಇಡುವ ಮಾತು ಬಂತು. ಬೆರಳು ಕೆಳಗಿನ ಸಾಲಿಗೆ ಇಳಿಯಿತು. ಅಗಲದ ರಸ್ತೆಗೆ ಬಂದಾಗ ಕನ್ನಡಿಯ ಮಾತು ಬಂತು. ಅತ್ತೆ ಅದನ್ನು ಹುಡುಕಲೇ ಇಲ್ಲ, ಅದು ಬಾಯಿಪಾಠವಾಗಿತ್ತು. ಮೇಷ್ಟ್ರ ಜೊತೆಜೊತೆಗೇ ಅವರ ತುಟಿ ಅಲುಗಿತು. ಆಮೇಲೆ ಪುಸ್ತಕ ಮುಚ್ಚಿ ಮೇಷ್ಟ್ರನ್ನು ಕನ್ನಡಿಯಲ್ಲೇ ನೆಟ್ಟ ಕಣ್ಣಿನಿಂದ ನೋಡತೊಡಗಿದರು.

ನಾಲ್ಕು ರಸ್ತೆ ಸೇರುವ ಸಿಗ್ನಲ್ಲಿನಲ್ಲಿ ಹಸಿರು ದೀಪ ಬಂತು. ಡಾಕ್ಟರಮ್ಮ ಕ್ಲಚ್ಚನ್ನು ಒಮ್ಮೆಲೇ ಬಿಟ್ಟಳು. ಕಾರು ಒಮ್ಮೆ ಬಿಕ್ಕಳಿಸಿ ಆಫ್ ಆಯಿತು.

ಹಿಂದೆ ಒಂದು ಹಾರ್ನು, ಎರಡು, ಹತ್ತು. ಒಂದು ಬಸ್ಸು ತನ್ನ ಕೊಂಬಿನಂಥ ಸದ್ದನ್ನು ಅವರ ಬೆನ್ನಿಗೇ ಊದಿತು. ಡಾಕ್ಟರಮ್ಮನ ಕೈ ಸ್ಟಿಯರಿಂಗಿನಿಂದ ಜಾರಿ ಮಡಿಲಿಗೆ ಬಿತ್ತು. ಆಕೆ ಮೇಷ್ಟ್ರ ಕಡೆ ತಿರುಗಿದಳು. ಮೇಷ್ಟ್ರು ಕನ್ನಡಿಯಲ್ಲಿ ಅತ್ತೆಯನ್ನು ನೋಡುತ್ತ ಗರಬಡಿದವರಂತೆ ಕೂತಿದ್ದರು.

"ಮೇಷ್ಟ್ರೇ, ಹೇಳಿ! ದಿನಾ ಹೇಳ್ತೀರಲ್ಲ, ಆ ಮಾತು ಹೇಳಿ! ಅದನ್ನ ಕೇಳದೆ ನನ್ನ ಕೈಯೇ ಆಡಲ್ಲ!"

ಬಸ್ಸು ಮತ್ತೆ ಊದಿತು.

"ನಿಂತುಹೋದ್ರೆ ಗಾಬರಿ ಬೇಡ" ಎಂದರು ಮೇಷ್ಟ್ರು. ಶಿಷ್ಯೆಯ ಕಡೆ ನೋಡಬೇಕಾದ ಕಣ್ಣು ಕನ್ನಡಿ ಬಿಟ್ಟು ಕದಲಲಿಲ್ಲ. "ಹಿಂದಿನವರು ಕಾಯ್ತಾರೆ. ಎಷ್ಟು ಸಲ ನಿಲ್ಲತ್ತೋ ಅಷ್ಟು ಸಲ ಕೀ ತಿರುಗಿಸಿ. ನಿಂತಿದ್ದು ತಪ್ಪಲ್ಲ. ಇಳಿದು ಹೋಗೋದು ತಪ್ಪು."

"ಸ್ವಲ್ಪ ನಿಧಾನ ಹೇಳು" ಎಂದಿತು ಹಿಂದಿನ ಸೀಟು. "ಬರ್ಕೊಳ್ತಿದೀನಿ."

ಡಾಕ್ಟರಮ್ಮ ಹಿಂದೆ ತಿರುಗಿದಳು. ಅತ್ತೆ ಖಾಲಿ ಬಿಟ್ಟಿದ್ದ ಹಾಳೆಯನ್ನು ಮೊಣಕಾಲಿನ ಮೇಲಿಟ್ಟುಕೊಂಡು, ಕಾರಿನ ಸುತ್ತ ಲೋಕವೇ ಅರಚಿಕೊಳ್ಳುತ್ತಿರುವಾಗ, ಕೊಂಬು ದೀರ್ಘ ಸರಿಯಾಗಿ ಹಾಕಿ ಬರೆಯುತ್ತಿದ್ದರು. "ನಿಂತಿದ್ದು... ತಪ್ಪಲ್ಲ. ಇಳಿದು... ಹೋಗೋದು... ತಪ್ಪು. ಹೂಂ, ಆಯ್ತು. ಈಗ ಹೊರಡು ತಾಯಿ."

ಡಾಕ್ಟರಮ್ಮ ಕೀ ತಿರುಗಿಸಿದಳು. ಕಾರು ಹೊರಟಿತು. ಅಷ್ಟರಲ್ಲಿ ದೀಪ ಕೆಂಪಾಗಿತ್ತು ಎಂಬುದನ್ನು ಯಾರೂ ಗಮನಿಸಲಿಲ್ಲ, ಮೇಷ್ಟ್ರ ಕಾಲೊಂದನ್ನು ಬಿಟ್ಟು. ಬ್ರೇಕು ಬಿತ್ತು, ಮೂವರೂ ಮುಂದಕ್ಕೆ ಬಾಗಿ ಹಿಂದಕ್ಕೆ ಬಂದರು.

ಡಾಕ್ಟರಮ್ಮನನ್ನು ಆಕೆಯ ಕ್ಲಿನಿಕ್ಕಿನ ಮುಂದೆ ಇಳಿಸಿ, ಮೇಷ್ಟ್ರು ತಾವೇ ಸ್ಟಿಯರಿಂಗಿಗೆ ಬಂದರು. ಎರಡು ರಸ್ತೆ ದಾಟಿದರು.

"ನಿಲ್ಸು" ಎಂದರು ಅತ್ತೆ.

ಮೇಷ್ಟ್ರು ಮರದ ಕೆಳಗೆ ನಿಲ್ಲಿಸಿದರು.

"ಇದರಲ್ಲಿರೋದೆಲ್ಲ ಕಾರಿನ ಪಾಠಾನಾ?"

"ಹೌದು ಅತ್ತೆ."

"ಒಂದಾದ್ರೂ ಜಪ ಮಾಡಿ ಕಂಡ್ಕೊಂಡಿದ್ದು?"

"ಇಲ್ಲ."

"ಜಪ ಎಷ್ಟು ದಿನ ಮಾಡಿದೀಯ?"

"ಒಂಬತ್ತು."

"ಒಂಬತ್ತು ತಿಂಗಳಾ?"

"ದಿನ, ಅತ್ತೆ."

ಅತ್ತೆ ನೀಲಿ ಪುಸ್ತಕದ ರಟ್ಟನ್ನು ಸವರಿದರು. ಬೈದಿದ್ದರೆ ಮೇಷ್ಟ್ರಿಗೆ ಹಗುರವಾಗುತ್ತಿತ್ತು. "ಅಕ್ಕ ಹೋಗೋಕೆ ಒಂದು ವಾರ ಮುಂಚೆ ಕೂಡ ಇದನ್ನ ಓದಿಸ್ಕೊಂಡು ಕೇಳಿದ್ಲು ಕಣೋ" ಎಂದರು ಕೊನೆಗೆ. "ಗುಬ್ಬಚ್ಚಿ ಮಾತು ಇನ್ನೊಂದ್ಸಲ ಓದೇ ಅಂದ್ಲು. ಆಸ್ಪತ್ರೆಯಲ್ಲಿ ಮಾಲೆ ಹಾಗೇ ಹಿಡ್ಕೊಂಡಿದ್ಲು, ಮೆತ್ತಗೆ. ನೀನು ಅವಳಿಗೂ ಸುಳ್ಳು ಹೇಳ್ಬಿಟ್ಯಲ್ಲೋ."

ಮೇಷ್ಟ್ರಿಗೆ ಅತ್ತುಬಿಡಬೇಕೆನಿಸಿತು. ಕ್ಷಮಿಸಿ ಎಂದರು, ಆ ಮಾತು ಬಾಯಿಂದ ಬಂದೊಡನೆ ಎಷ್ಟು ಸಣ್ಣದೆಂದು ಅವರಿಗೇ ಗೊತ್ತಾಯಿತು. ಮನೆಗೆ ಹೋದ ಮೇಲೆ ಅತ್ತೆ ಬಟ್ಟೆ ಮಡಚಿ ಚೀಲಕ್ಕೆ ತುಂಬಿ, "ನಾಳೆ ಬೆಳಗಿನ ಬಸ್ಸಿಗೆ ಹೋಗ್ತೀನಿ" ಎಂದು ಮೇಷ್ಟ್ರ ಹೆಂಡತಿಗೆ ಹೇಳಿದರು, ಮೇಷ್ಟ್ರಿಗಲ್ಲ.

ಬೆಳಗಿನ ಐದಕ್ಕೆ ಮೇಷ್ಟ್ರು ಅಲಾರಮ್ಮಿನ ಹಂಗಿಲ್ಲದೆ ಎದ್ದರು. ಅತ್ತೆಯನ್ನು ಬಸ್ಸಿಗೆ ಬಿಡಬೇಕಿತ್ತು. ಕೋಣೆಯಲ್ಲಿ ಅತ್ತೆ ಇರಲಿಲ್ಲ, ಚಾಪೆಗಳ ಮೇಲೂ ಇರಲಿಲ್ಲ. ಹೊರಗೆ ಓಡಿ ಬಂದರೆ, ಮನೆಯ ಮುಂದೆ ನಿಂತಿದ್ದ ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆ ನೆಟ್ಟಗೆ ಕೂತಿದ್ದರು. ಚೀಲ ಕಾಣಲಿಲ್ಲ. ಕೈಯಲ್ಲಿ ಮಾಲೆಯಿತ್ತು.

ಮೇಷ್ಟ್ರು ಸ್ಟಿಯರಿಂಗಿನ ಕಡೆಯ ಬಾಗಿಲು ತೆಗೆದರು.

"ಅಲ್ಲಲ್ಲ" ಎಂದರು ಅತ್ತೆ. "ಆ ಕಡೆ. ನಿನ್ನ ಜಾಗದಲ್ಲಿ ಕೂರು."

"ಬಸ್ಸು?"

"ಬಸ್ಸು ನಾಳೆನೂ ಇರತ್ತೆ. ನಿನ್ನ ಮೇಲೆ ಕೋಪ ಹೋಯ್ತು ಅಂತ ತಿಳ್ಕೋಬೇಡ. ಮನೆಗೆ ಹೋದ ಮೇಲೂ ಇನ್ನೊಂದಷ್ಟು ದಿನ ಇರತ್ತೆ." ಅತ್ತೆ ಸೆರಗಿನ ತುದಿಯಿಂದ ಕನ್ನಡಕ ಒರೆಸಿಕೊಂಡರು. "ರಾತ್ರಿ ಯೋಚನೆ ಮಾಡ್ದೆ. ಚಾಪೆ ಮೇಲೆ ನೀನು ಹನ್ನೊಂದನೇ ಮಣಿಗೆ ಗೊರಕೆ ಹೊಡೀತೀಯ. ನಿನ್ನೆ ಅಷ್ಟು ಗಲಾಟೆಯಲ್ಲಿ ನಿನ್ನ ಕಾಲು ಮಾತ್ರ ಎಚ್ಚರವಾಗಿತ್ತು. ನೀನು ಎಲ್ಲಿ ಎಚ್ಚರವಾಗಿರ್ತೀಯೋ ಅಲ್ಲಿ ಕೂರು. ಮೇಲಿರೋನಿಗೆ ಕಾರಿಗೆ ಬರೋದು ಗೊತ್ತಿಲ್ವಾ? ಹೋಗು, ಮಾಲೆ ತಗೊಂಡು ಬಾ."

ಮೇಷ್ಟ್ರು ಓಡಿಹೋಗಿ ಮಾಲೆ ತಂದು ಪಕ್ಕದ ಸೀಟಿನಲ್ಲಿ ಕೂತರು. ಶಾಲಿಲ್ಲ, ಪೀಠವಿಲ್ಲ. ಆಸನ ಮೊದಲೇ ಸರಿಯಾಗಿತ್ತು. ಸ್ಟಿಯರಿಂಗಿನ ಹಿಂದೆ ಯಾರೂ ಇಲ್ಲದ ಕಾರಿನಲ್ಲಿ, ಎದುರಿನ ಖಾಲಿ ರಸ್ತೆಯ ದೂರದ ತುದಿಯ ಮೇಲೆ ಕಣ್ಣಿಟ್ಟು, ಮೊದಲ ಮಣಿ ಹಿಡಿದು ರಾಮ ಎಂದರು.

ಹನ್ನೊಂದು ದಾಟಿತು. ಮೂವತ್ತು ದಾಟಿತು. ನಲವತ್ತರ ಹತ್ತಿರ ಮನಸ್ಸು ಡಾಕ್ಟರಮ್ಮನ ಟೆಸ್ಟಿನ ಕಡೆ ನುಗ್ಗಿತು. ಕಾಲು ಒತ್ತಿತು, ಈ ಸಲ ಕೆಳಗೆ ನಿಜವಾದ ಬ್ರೇಕೇ ಇತ್ತು. ಪೇಪರು ಹಾಕುವವನು ಕಾರಿನೊಳಗೆ ಇಣುಕಿ, ಹೆದರಿ, ಪೇಪರನ್ನು ಪಕ್ಕದ ಮನೆಗೆ ಎಸೆದು ಹೋದ. ಮೇಷ್ಟ್ರು ಕದಲಲಿಲ್ಲ. ಎಪ್ಪತ್ತು, ತೊಂಬತ್ತು. ಮಣಿ ಬೆರಳ ನಡುವೆ ಮೆತ್ತಗೆ, ಒಂದಾದ ಮೇಲೊಂದು ಜಾರುತ್ತಿತ್ತು. ದೊಡ್ಡತ್ತೆ ಹೀಗೇ ಹಿಡಿದಿದ್ದರಂತೆ ಎಂದು ನೆನಪಾಯಿತು. ಒಂದು ಕ್ಷಣ ನೆನೆದು ಮುಂದಿನ ಮಣಿಗೆ ಬಂದರು. ಕೊನೆಗೆ ಬೆರಳಿಗೆ ದಪ್ಪನೆಯ ಮೇರುಮಣಿ ತಾಗಿದಾಗ ಮೇಷ್ಟ್ರು ನಂಬಿಕೆಯಾಗದೆ ಅದನ್ನು ಎರಡು ಸಲ ಮುಟ್ಟಿ ನೋಡಿದರು.

"ಅತ್ತೆ! ಮುಗೀತು! ನೂರೆಂಟೂ!"

ಮೇಷ್ಟ್ರು ತಿರುಗಲಿಲ್ಲ, ಪುಟ್ಟ ಕನ್ನಡಿಯತ್ತ ನೋಡಿದರು. ಅತ್ತೆಯ ಮಾಲೆ ಅರ್ಧಕ್ಕೇ ನಿಂತಿತ್ತು. ಅವರ ಪಕ್ಕದ ಸೀಟು ಖಾಲಿ ಇತ್ತು. ಆ ಖಾಲಿ ಜಾಗದ ಮೇಲೆ ಒಂದು ಕೈಯಿಟ್ಟುಕೊಂಡು ಅತ್ತೆ ಅಳುತ್ತಿದ್ದರು.

"ನಂದು ನಿಂತೋಯ್ತು ಕಣೋ" ಎಂದರು. "ಐವತ್ತೆರಡಕ್ಕೇ ನಿಂತೋಯ್ತು."

ಹೆಂಡತಿ ಬಾಗಿಲಿಗೆ ಬಂದು ನಿಂತಳು.

ಮೇಷ್ಟ್ರು ತಮ್ಮ ಮಾಲೆಯನ್ನು ಮತ್ತೆ ಮೊದಲ ಮಣಿಗೆ ತಂದರು.

"ಹಿಂದಿನವರು ಕಾಯ್ತಾರೆ ಅತ್ತೆ" ಎಂದರು, ನಾಲ್ಕು ಸಾವಿರ ಜನಕ್ಕೆ ಹೇಳಿದ ಅದೇ ದನಿಯಲ್ಲಿ. "ಗಾಬರಿ ಬೇಡ. ಕೀ ತಿರುಗಿಸಿ. ನಾನು ಪಕ್ಕದಲ್ಲೇ ಇದೀನಿ."

ಹಿಂದಿನ ಸೀಟಿನಿಂದ ಮೂಗು ಒರೆಸಿಕೊಂಡ ಸದ್ದು ಬಂತು, ಬಳೆಯ ಸದ್ದು ಬಂತು, ಐವತ್ತಮೂರನೆಯ ರಾಮ ಬಂದ.